ಇಲಿಯ ಹೊಟ್ಟೆಯಿಂದ ಮ್ಯಾಕ್ರೋಫೇಜ್ ತೆಗೆಯುವ ಬಗೆ

ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ಕಲಿಸುವ ಕೆಲಸ ಇದು. ಹೊಟ್ಟೆಯ ಗೋಡೆಗೂ ಒಳಗಿನ ಅಂಗಗಳಿಗೂ ನಡುವೆ ಸ್ವಲ್ಪ ದ್ರವ ಇರುತ್ತದಲ್ಲ, ಅದರಲ್ಲಿ ತೇಲಾಡುವ ದೊಡ್ಡ ಮ್ಯಾಕ್ರೋಫೇಜ್‌ಗಳು (ಕ್ರಿಮಿ, ಸತ್ತ ಕೋಶಗಳನ್ನು ನುಂಗುವ ರಕ್ಷಣಾ ಕೋಶಗಳು) ಗಾಯದ ಸುಳಿವು ಸಿಕ್ಕಿದ ಕೂಡಲೇ ಹೋಗಿ ಅಂಟಿಕೊಳ್ಳುತ್ತವೆ. ಇದೊಂದು ನೆನಪಿಟ್ಟುಕೊಳ್ಳಿ, ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಪ್ರಾಣಿ ನೀತಿ ಸಮಿತಿಯ ಒಪ್ಪಿಗೆಯಿಲ್ಲದೆ ಇಲಿಯನ್ನು ಮುಟ್ಟಬೇಡಿ. ಒಪ್ಪಿಗೆ ಸಿಕ್ಕ ವಿಧಾನದಲ್ಲೇ, ನೋವಾಗದಂತೆ ಪ್ರಾಣ ಹೋದ ಮೇಲೆ ಹೊಟ್ಟೆಯನ್ನು 70% ಆಲ್ಕೋಹಾಲಿನಿಂದ ಒರೆಸಿ, ಹೊರ ಚರ್ಮವನ್ನಷ್ಟೇ ಕತ್ತರಿಸಿ ಬಿಡಿಸಿ. ಒಳಗಿನ ಹೊಳೆಯುವ ಪದರ ಹರಿಯಬಾರದು.

27 ಗೇಜ್ ಸೂಜಿಯಿಂದ 5 ಮಿ.ಲೀ. ತಣ್ಣನೆಯ ಪಿಬಿಎಸ್ (ಕೋಶಗಳಿಗೆ ಹೊಂದುವ ಉಪ್ಪಿನ ದ್ರಾವಣ) ಆ ಪದರದ ಒಳಗೆ ತುಂಬಿಸಿ. ಅದಕ್ಕೆ 3% ಸೀರಮ್ (ರಕ್ತದ ತಿಳಿ) ಬೆರೆತಿರಲಿ. ಆಮೇಲೆ ಹೊಟ್ಟೆಯನ್ನು ತೀಡಬೇಕು. ಹಿಟ್ಟು ನಾದುವ ಹಾಗಲ್ಲ, ಕೂಸಿಗೆ ಎಣ್ಣೆ ಹಚ್ಚುವ ಹಾಗೆ.

ದ್ರವವನ್ನು ವಾಪಸ್ ಎಳೆಯಲು 25 ಗೇಜ್ ಸೂಜಿ. ಕೊಬ್ಬು ಸಿಕ್ಕಿಕೊಂಡರೆ ಜೋರು ಮಾಡಬೇಡಿ, ಸೂಜಿಯ ಮೂತಿ ತುಸು ತಿರುಗಿಸಿ. ಬಂದ ದ್ರವ ತೆಳುವಾಗಿ ಮಂಜುಮಂಜಾಗಿರಬೇಕು. ಗುಲಾಬಿ ಬಣ್ಣವಿದ್ದರೆ ರಕ್ತ ಸೇರಿದೆ, ಚೆಲ್ಲಿಬಿಡಿ. ಮೊದಲ ವರ್ಷ ಇಲಿ ದಂಡವಾಗಬಾರದೆಂದು ಗುಲಾಬಿ ಟ್ಯೂಬುಗಳನ್ನೂ ಬಳಸಿದೆ. ರಕ್ತದ ಮಾನೋಸೈಟ್‌ಗಳು (ಇನ್ನೊಂದು ಬಗೆಯ ಬಿಳಿ ರಕ್ತಕಣಗಳು) ಬೆರೆತು ಮೂರು ವಾರದ ಕೆಲಸ ಹಾಳಾಯಿತು, ಇನ್ನಷ್ಟು ಇಲಿಗಳು ಹೋದವು. ಆ ಸಂಕಟ ಈಗಲೂ ಇದೆ.

ದ್ರವ ಹಾಕಿಡುವ ಟ್ಯೂಬು ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನದೇ ಆಗಬೇಕು, ಸದಾ ಐಸಿನಲ್ಲಿರಬೇಕು. ಪಾಲಿಸ್ಟೈರೀನ್ ಆದರೆ ಕೋಶಗಳು ಗೋಡೆಗೆ ಕಚ್ಚಿಕೊಳ್ಳುತ್ತವೆ, ನಿಮ್ಮ ಎಣಿಕೆ ಕಮ್ಮಿಯಾಗುತ್ತದೆ. ಈ ಅಂಟುವ ಗುಣವೇ ಅವುಗಳ ಕಸುಬು. ಕೆನಡಾದ ಕ್ಯಾಲ್ಗರಿಯಲ್ಲಿ ರೋಗನಿರೋಧಕ ವಿಜ್ಞಾನಿ ಪಾಲ್ ಕ್ಯೂಬ್ಸ್ ಅವರ ತಂಡ 2016ರಲ್ಲಿ ಇಲಿಯ ಪಿತ್ತಜನಕಾಂಗಕ್ಕೆ ಗಾಯ ಮಾಡಿ ನೋಡಿತು. ಸತ್ತ ಕೋಶಗಳಿಂದ ಸೋರುವ ಎಟಿಪಿಯ (ಕೋಶಕ್ಕೆ ಶಕ್ತಿ ಕೊಡುವ ಅಣು) ಜಾಡು ಹಿಡಿದು, ರಕ್ತನಾಳದ ದಾರಿಯನ್ನೇ ಹಿಡಿಯದೆ, ಅಂಗದ ಹೊದಿಕೆಯ ಮೂಲಕ ನೇರವಾಗಿ ಇವು ಗಾಯಕ್ಕೆ ಇಳಿದಿದ್ದವು. 2021ರಲ್ಲಿ ಅದೇ ಊರಿನ ಇನ್ನೊಂದು ಅಧ್ಯಯನ ಇದರ ಕಷ್ಟದ ಮುಖವನ್ನೂ ತೋರಿಸಿತು: ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳ ಹಾಗೆ ಗುಂಪುಗಟ್ಟುವ ಇವೇ ಕೋಶಗಳು ಆಪರೇಷನ್ ನಂತರ ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳಲು ಕಾರಣವಾಗಬಲ್ಲವು. ನಮ್ಮ ಚಿಕ್ಕಮ್ಮ ಗರ್ಭಕೋಶ ತೆಗೆಸಿಕೊಂಡ ಮೇಲೆ ಕರುಳು ಅಂಟಿಕೊಂಡು ಪಟ್ಟ ಪಾಡು ಕಂಡಿದ್ದೇನೆ. ಈ ಕೆಲಸ ನನಗೆ ಯಾಕೆ ಮುಖ್ಯವೆಂದು ಬೇರೆ ಹೇಳಬೇಕಿಲ್ಲ.

400 ಜಿ (ಗುರುತ್ವದ 400 ಪಟ್ಟು) ಬಲದಲ್ಲಿ ಹತ್ತು ನಿಮಿಷ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ, ತಳದ ಕೋಶಗಳನ್ನು ಮೀಡಿಯಮ್ಮಿನಲ್ಲಿ (ಕೋಶ ಸಾಕುವ ಪೋಷಕ ದ್ರವ) ಕಲಕಿ ಡಿಶ್‌ಗೆ ಹಾಕಿ, 37 ಡಿಗ್ರಿಯಲ್ಲಿಡಿ. ಎರಡು ಗಂಟೆ ಬಿಟ್ಟು ನೋಡಿದರೆ ಗುಂಡಗಿದ್ದವು ಕಾವಲಿಯ ಮೇಲಿನ ದೋಸೆಹಿಟ್ಟಿನ ಹಾಗೆ ಹರಡಿರುತ್ತವೆ. ಇನ್ನೂ ತೇಲುತ್ತಿರುವ ಲಿಂಫೋಸೈಟ್‌ಗಳನ್ನು (ಅಂಟಿಕೊಳ್ಳದ ಬೇರೆ ಬಿಳಿ ರಕ್ತಕಣಗಳು) ಬೆಚ್ಚನೆಯ ಪಿಬಿಎಸ್‌ನಿಂದ ಎರಡು ಸಲ ತೊಳೆದು ತೆಗೆದು, ಹೊಸ ಮೀಡಿಯಮ್ ಹಾಕಿ, ಮುಚ್ಚಳದ ಮೇಲೆ ತಾರೀಖು ಬರೆಯಿರಿ.