ಬೇರು ಕಡಿಯುವ ಗೊಣ್ಣೆ ಹುಳುವಿಗೆ ಮಣ್ಣಲ್ಲೇ ಇದೆ ಮದ್ದು

ಎಷ್ಟು ನೀರು ಹಾಕಿದರೂ ಗುಲಾಬಿ ಗಿಡ ಬಾಡುತ್ತಿದೆ. ಬುಡ ಹಿಡಿದು ಮೆಲ್ಲಗೆ ಎತ್ತಿದರೆ ಗಿಡ ಕೈಗೇ ಬರುತ್ತದೆ, ಕೆಳಗೆ ಬೇರೇ ಇಲ್ಲ. ತುಮಕೂರಿನ ನಮ್ಮ ಹಿತ್ತಲಲ್ಲಿ ಒಂದು ಶ್ರಾವಣದಲ್ಲಿ ಹೀಗೇ ಆರು ಗಿಡ ಹೋದವು. ಅರ್ಧ ಅಡಿ ಕೆದಕಿದಾಗ ಸಿಕ್ಕಿದ್ದು ಗೊಣ್ಣೆ ಹುಳು: ಹಾಲು ಬಿಳುಪಿನ ಮೈ, ಕಂದು ತಲೆ, ಮುಟ್ಟಿದರೆ ಕೊಕ್ಕೆಯಂತೆ ಮುದುರಿಕೊಳ್ಳುತ್ತದೆ. ಪಾವಗಡ, ಶಿರಾ ಕಡೆಯ ಕಡಲೆಕಾಯಿ ಬೆಳೆಗಾರರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ.

ಗಿಡ ಬಾಡಿದ ಮೇಲೆ ಓಡಾಡಿದರೆ ಹೊತ್ತು ಮೀರಿರುತ್ತದೆ. ಭರಣಿ, ಕೃತ್ತಿಕೆ ಮಳೆ ಚೆನ್ನಾಗಿ ಬಿದ್ದ ಸಂಜೆ ಕಂದು ದುಂಬಿಗಳು ಮಣ್ಣಿನಿಂದೆದ್ದು ಬೇವು, ಜಾಲಿ, ಬೋರೆ ಮರಗಳಿಗೆ ಮುತ್ತುತ್ತವೆ. ಮತ್ತೆ ಮಣ್ಣಿಗಿಳಿದು ಮೊಟ್ಟೆ ಇಡುತ್ತವೆ. ಮೃಗಶಿರಾ, ಆರಿದ್ರಾ ಮಳೆಯ ಹೊತ್ತಿಗೆ ಮಣ್ಣಲ್ಲಿರುವುದು ಈ ದುಂಬಿಗಳ ಎಳೆಯ ಮರಿಗಳು, ಅವೇ ಗೊಣ್ಣೆ ಹುಳು. ನಮ್ಮ ಕೆಲಸಕ್ಕೆ ಅದೇ ಸರಿಯಾದ ಕಾಲ. ಶ್ರಾವಣ ಕಳೆಯಿತೆಂದರೆ ಹುಳು ಬಲಿತು ಯಾವುದಕ್ಕೂ ಸುಲಭವಾಗಿ ಬಗ್ಗುವುದಿಲ್ಲ.

ಮೊದಲು ದುಂಬಿ. ಮಳೆ ಬಂದ ರಾತ್ರಿ ಬೇವಿನ ಮರದ ಕೆಳಗೆ ಹಳೆಯ ಸೀರೆ ಹಾಸಿ ಕೊಂಬೆ ಅಲುಗಿಸಿ. ಉದುರಿದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ. ಬೀದಿಯವರೆಲ್ಲ ಸೇರಿ ಮಾಡಿದರೆ ಇನ್ನೂ ಒಳ್ಳೆಯದು, ಪಕ್ಕದ ಮನೆಯ ದುಂಬಿಗೆ ನಮ್ಮ ಕಾಂಪೌಂಡ್ ಅಡ್ಡಿಯಲ್ಲ.

ಎರಡನೆಯದು ಮೆಟಾರೈಜಿಯಂ ಎಂಬ ಶಿಲೀಂಧ್ರ. ರಷ್ಯಾದ ವಿಜ್ಞಾನಿ ಮೆಚ್ನಿಕೋವ್ 1879ರಲ್ಲೇ ಇದನ್ನು ಗೋಧಿ ಬೆಳೆಯ ದುಂಬಿಯ ಮೇಲೆ ಪರೀಕ್ಷಿಸಿದ್ದರು. ಇದರ ಬೀಜಕಣ ಹುಳುವಿನ ಚರ್ಮಕ್ಕೆ ಅಂಟಿ, ಮೊಳೆತು ಒಳಗೆ ಇಳಿಯುತ್ತದೆ. ಸತ್ತ ಹುಳು ಗಟ್ಟಿಯಾಗಿ, ಮೈಮೇಲೆ ಪಾಚಿಯಂಥ ಹಸಿರು ಪುಡಿ ಕಾಣುತ್ತದೆ. 100 ಕೆಜಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ 2 ಕೆಜಿ ಮೆಟಾರೈಜಿಯಂ ಪುಡಿಯ ಲೆಕ್ಕದಲ್ಲಿ ಬೆರೆಸಿ, ನೀರು ಚಿಮುಕಿಸಿ, ನೆರಳಲ್ಲಿ ಗೋಣಿ ಮುಚ್ಚಿ ವಾರ ಬಿಡಿ. ಆಮೇಲೆ ಬುಡದ ಸುತ್ತ ಹಾಕಿ ಮಣ್ಣಲ್ಲಿ ಸೇರಿಸಿ. ಹಸಿ ಸಗಣಿ ಮಾತ್ರ ಬೇಡವೇ ಬೇಡ, ಅದು ದುಂಬಿಯನ್ನೇ ಕರೆಯುತ್ತದೆ. ಶಿಲೀಂಧ್ರನಾಶಕ ಸುರಿದಿದ್ದರೆ ಈ ಮದ್ದೂ ಸಾಯುತ್ತದೆ, ಎರಡಕ್ಕೂ ನಡುವೆ ಸಾಕಷ್ಟು ದಿನ ಬಿಡಿ. ತಿಪಟೂರು ಕಡೆ ತೆಂಗಿಗೆ ಕಾಟ ಕೊಡುವ ಕುರುವಾಯಿ ಕೀಟದ ಮರಿಗಳು ತಿಪ್ಪೆಯಲ್ಲೇ ಬೆಳೆಯುವುದರಿಂದ ತಿಪ್ಪೆಗೂ ಇದನ್ನೇ ಹಾಕಬಹುದು.

ಮೂರನೆಯದು ನನಗೆ ಅತಿ ಇಷ್ಟವಾದದ್ದು: ಹುಳುವನ್ನು ಕೊಲ್ಲುವ ಜಂತುಹುಳು, ಅಂದರೆ ಮಣ್ಣಲ್ಲಿ ಬದುಕುವ ನೆಮಟೋಡ್ ಎಂಬ ಸೂಕ್ಷ್ಮ ಹುಳು. ಜಂತುಹುಳು ಎಂದರೆ ಕೋಲಾರದ ಟೊಮೆಟೊ ರೈತರು ಬೆಚ್ಚುತ್ತಾರೆ, ಬೇರುಗಂಟು ತರುವ ಜಾತಿಯನ್ನು ಕಂಡವರು ಅವರು. ಇದು ಆ ಜಾತಿಯಲ್ಲ, ಗಿಡದ ಬೇರಿನ ತಂಟೆಗೆ ಬರುವುದಿಲ್ಲ. ಹೆಟೆರೊರಾಬ್ಡೈಟಿಸ್ ಇಂಡಿಕಾ ಎಂದು ಹೆಸರು, ಉದ್ದ ಸುಮಾರು ಅರ್ಧ ಮಿಲಿಮೀಟರ್. ಗೊಣ್ಣೆಯ ಬಾಯಿಂದಲೋ ಉಸಿರುರಂಧ್ರದಿಂದಲೋ ಒಳಹೊಕ್ಕು ತನ್ನ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾವನ್ನು ಬಿಡುತ್ತದೆ. ಒಂದೆರಡು ದಿನದಲ್ಲಿ ಗೊಣ್ಣೆ ಸಾಯುತ್ತದೆ. ಬೆಂಗಳೂರಿನ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದನ್ನು ಪುಡಿ ರೂಪಕ್ಕೆ ತಂದಿದೆ. ಎಲ್ಲಿ ಸಿಗುತ್ತದೆಂದು ನಮ್ಮ ಜಿಲ್ಲೆಯ ಹಿರೇಹಳ್ಳಿ ಅಥವಾ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಪ್ಯಾಕೆಟ್ಟಿನೊಳಗೆ ಇರುವುದು ಜೀವ. ನಾನು ಮೊದಲ ಸಲ ತಂದದ್ದು ಅಂಗಡಿಯ ಮುಂದೆ ಬಿಸಿಲಲ್ಲಿ ಇಟ್ಟಿದ್ದ ಪ್ಯಾಕೆಟ್. ಹಾಕಿ ಮೂರು ವಾರವಾದರೂ ಒಂದು ಗೊಣ್ಣೆಯೂ ಸಾಯಲಿಲ್ಲ. ಈಗ ಚಿಟಿಕೆ ಪುಡಿಯನ್ನು ತಟ್ಟೆಯ ನೀರಿಗೆ ಹಾಕಿ, ಅರ್ಧ ಗಂಟೆ ಬಿಟ್ಟು ಭೂತಗನ್ನಡಿಯಲ್ಲಿ ನೋಡುತ್ತೇನೆ. ದಾರದೆಳೆಯಂಥ ಮೈ ನುಲಿಯುತ್ತಿದ್ದರೆ ಸರಿ, ಕಡ್ಡಿಯಂತೆ ಸೆಟೆದಿದ್ದರೆ ಪ್ಯಾಕೆಟ್ ವಾಪಸ್.

ನಮ್ಮ ಕೆಂಪು ಮರಳುಮಣ್ಣು ಬೇಗ ಒಣಗುತ್ತದೆ, ಜಂತುಹುಳು ಈಜುವುದು ಮಣ್ಣಿನ ತೇವದಲ್ಲಿ. ಹಾಗಾಗಿ ಮೊದಲು ಮಡಿಗೆ ನೀರು ಹಾಯಿಸಿ. ಹೊತ್ತು ಮುಳುಗಿದ ಮೇಲೆ ಪ್ಯಾಕೆಟ್ ಮೇಲಿನ ಅಳತೆಯಂತೆ ಕದಡಿ ಗಿಡಕ್ಕೆ ನೀರು ಚಿಮುಕಿಸುವ ಝಾರಿಯಿಂದ ಬುಡಕ್ಕೆ ಹಾಕಿ, ಮೂತಿಯ ತೂತು ಸಣ್ಣದಿದ್ದರೆ ಮೂತಿ ತೆಗೆದುಬಿಡಿ. ಬೆರೆಸಿದ್ದನ್ನು ನಾಳೆಗೆ ಉಳಿಸಬೇಡಿ. ಮೇಲೆ ಒಣಹುಲ್ಲು ಮುಚ್ಚಿ, ಎರಡು ವಾರ ತೇವ ಆರದಂತೆ ನೋಡಿಕೊಳ್ಳಿ. ಎರೆಹುಳುವಿಗೆ ಇದರಿಂದ ತೊಂದರೆಯಿಲ್ಲ.

ವಾರ ಕಳೆದು ಒಂದು ಕಡೆ ಕೆದಕಿ ನೋಡಿ. ಗೊಣ್ಣೆ ಮೆತ್ತಗಾಗಿ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಜಂತುಹುಳು ಕೆಲಸ ಮಾಡಿದೆ ಎಂದರ್ಥ. ಅದನ್ನು ಎತ್ತಿ ಬಿಸಾಡಬೇಡಿ, ಇದ್ದಲ್ಲೇ ಮಣ್ಣು ಮುಚ್ಚಿ. ಅದರ ಮೈಯೊಳಗಿಂದ ಹೊಸ ಜಂತುಹುಳುಗಳು ಸಾವಿರಗಟ್ಟಲೆ ಹೊರಟು ಪಕ್ಕದ ಗೊಣ್ಣೆಯನ್ನು ಹುಡುಕುತ್ತವೆ.