ಮಿಶ್ರತಳಿ ಕಡಲಾಮೆಯನ್ನು ಗುರುತಿಸುವುದು ಹೇಗೆ?

ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಕಡಲ ತೀರಕ್ಕೆ ಹೊರಟಿದ್ದೀರಾ? ಆಮೆ ಕಂಡರೆ ಮುಟ್ಟಬೇಡಿ, ಟಾರ್ಚ್ ಬಿಡಬೇಡಿ. ದೂರದಿಂದ ಫೋಟೋ ಸಾಕು.

ಎರಡು ಬೇರೆ ಜಾತಿಯ ಆಮೆಗಳಿಗೆ ಹುಟ್ಟಿದ್ದೇ ಮಿಶ್ರತಳಿ. ಫೋಟೋದಲ್ಲಿ ಬೆನ್ನಿನ ನಡುಸಾಲಿನ ಪಕ್ಕ, ಒಂದು ಬದಿಯ ಚಿಪ್ಪಿನ ಹಲಗೆಗಳನ್ನು ಎಣಿಸಿ. ಕಡಲಾಮೆ ಜಾತಿಗಳಲ್ಲಿ ಹಸಿರು ಕಡಲಾಮೆ ಮತ್ತು ಹಾಕ್ಸ್‌ಬಿಲ್‌ಗೆ 4, ಲಾಗರ್‌ಹೆಡ್‌ಗೆ 5, ಆಲಿವ್ ರಿಡ್ಲೆಗೆ ಸಾಮಾನ್ಯವಾಗಿ 6 ಅಥವಾ ಜಾಸ್ತಿ. ಚಿಪ್ಪು ಒಂದು ಜಾತಿಯದು, ತಲೆ ಇನ್ನೊಂದರದು ಅನ್ನಿಸಿದರೆ ಅನುಮಾನ ಪಡಬಹುದು, ಅಷ್ಟೇ. ಶುದ್ಧ ತಳಿಯಲ್ಲೂ ಎಣಿಕೆ ಹೆಚ್ಚುಕಮ್ಮಿ ಆಗುತ್ತದೆ. ಖಚಿತವಾಗಬೇಕಾದರೆ ಡಿಎನ್‌ಎ ಪರೀಕ್ಷೆಯೇ ಬೇಕು, ಅದರಲ್ಲೂ ಮೈಟೊಕಾಂಡ್ರಿಯದ (ಜೀವಕೋಶಕ್ಕೆ ಶಕ್ತಿ ಕೊಡುವ ಭಾಗದ) ಡಿಎನ್‌ಎ ತಾಯಿಯ ಕಡೆಯದನ್ನು ಮಾತ್ರ ಹೇಳುತ್ತದೆ, ಅಪ್ಪ ಯಾವ ಜಾತಿ ಅಂತ ತಿಳಿಯಲು ಕೋಶಕೇಂದ್ರದ ಡಿಎನ್‌ಎ ನೋಡಲೇಬೇಕು.

ಸುಮ್ನೆ ಕುತೂಹಲಕ್ಕಲ್ಲ ಇದು. ಬ್ರೆಜಿಲ್‌ನ ಬಾಹಿಯಾದಲ್ಲಿ ನೋಡಲು ಹಾಕ್ಸ್‌ಬಿಲ್‌ನಂತಿದ್ದ ಎಷ್ಟೋ ಹೆಣ್ಣಾಮೆಗಳು ಲಾಗರ್‌ಹೆಡ್ ಜೊತೆಗಿನ ಮಿಶ್ರತಳಿ ಎಂದು ಗೊತ್ತಾಯಿತು. ಅಂದಮೇಲೆ ಅಳಿವಿನಂಚಿನ ಹಾಕ್ಸ್‌ಬಿಲ್ ಎಷ್ಟು ಉಳಿದಿದೆ ಅನ್ನುವ ಲೆಕ್ಕವೇ ತಪ್ಪಿತಲ್ವಾ?