ನಂಬರ್ ಪ್ಲೇಟ್ ಇಲ್ಲದ ಸ್ಕೂಟರ್ ಏರಿ ಕಚೇರಿಗೆ: ಹೊರಡುವ ಮೊದಲು ಪರೀಕ್ಷಿಸುವುದು ಹೇಗೆ?

‘ಡಿ.ಎಲ್. ಬೇಡ, ಆರ್.ಸಿ. ಬೇಡ, ಇನ್ಶೂರೆನ್ಸ್ ಬೇಡ’ ಎಂದು ಹೇಳಿಕೊಂಡೇ ವಿದ್ಯುತ್ ಸ್ಕೂಟರ್ ಮಾರುವ ಅಂಗಡಿಗಳು ಈಗ ತಾಲ್ಲೂಕು ಕೇಂದ್ರಗಳಲ್ಲೂ ಇವೆ. ಆ ಮಾತು ಸುಳ್ಳಲ್ಲ. ಆದರೆ ಅದು ಕೆಲವು ಷರತ್ತುಗಳ ಮೇಲೆ ನಿಂತ ಮಾತು. ಷರತ್ತುಗಳನ್ನು ಮಾತ್ರ ಅಂಗಡಿಯವರು ಹೇಳುವುದಿಲ್ಲ. ನಿತ್ಯ ಕಚೇರಿಗೆ ಇಂಥ ಸ್ಕೂಟರನ್ನೇ ನಂಬಿಕೊಳ್ಳುವವರು ಅವನ್ನು ತಾವೇ ಪರೀಕ್ಷಿಸಿಕೊಳ್ಳಬೇಕಾಗುತ್ತದೆ.

ಮೊದಲು ನಿಯಮವನ್ನು ತಿಳಿಯಬೇಕು. ಮೋಟಾರು ವಾಹನ ಕಾಯ್ದೆ, 1988 ಸಣ್ಣ ವಾಹನಗಳಿಗೆ ಕೊಟ್ಟ ವಿನಾಯಿತಿಯನ್ನು ಸಿಸಿ, ಅಂದರೆ ಎಂಜಿನ್ ಗಾತ್ರದ, ಲೆಕ್ಕದಲ್ಲಿ ಅಳೆದಿದೆ. ಬ್ಯಾಟರಿ ಗಾಡಿಗೆ ಸಿಸಿ ಎಂಬುದೇ ಇಲ್ಲ. ಈ ಕೊರತೆಯನ್ನು ಕೇಂದ್ರ ಮೋಟಾರು ವಾಹನ ನಿಯಮಗಳ 2(ಯು) ತುಂಬುತ್ತದೆ. ಮೋಟಾರಿನ ಮೂವತ್ತು ನಿಮಿಷಗಳ ಶಕ್ತಿ (ಅರ್ಧ ಗಂಟೆ ಸತತವಾಗಿ ಕೊಡಬಲ್ಲ ಶಕ್ತಿ) 250 ವಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಮೀರದಿರುವುದು, ತಕ್ಕ ಬ್ರೇಕ್, ಮುಂದೆ ಬಿಳಿ ಹಾಗೂ ಹಿಂದೆ ಕೆಂಪು ಪ್ರತಿಫಲಕ, ಇವಿಷ್ಟೂ ಇದ್ದು ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆಯ ಒಪ್ಪಿಗೆಯೂ ಇದ್ದರೆ ಅದು ‘ಮೋಟಾರು ವಾಹನ’ವೇ ಅಲ್ಲ. ಒಂದು ತಪ್ಪಿದರೂ ಅದು ಪೂರ್ತಿ ಮೋಟಾರು ವಾಹನ. ನಡುವೆ ಇನ್ನೊಂದು ವರ್ಗವಿಲ್ಲ.

ಎರಡನೆಯದು, ಕಾಗದ. ಕೊಳ್ಳುವಾಗಲೇ ಪುಣೆಯ ಎಆರ್‌ಎಐ ಅಥವಾ ಮಾನೇಸರ್‌ನ ಐಕ್ಯಾಟ್‌ನಂಥ ವಾಹನ ಪರೀಕ್ಷಾ ಸಂಸ್ಥೆ ಕೊಟ್ಟ ಪ್ರಮಾಣಪತ್ರದ ಪ್ರತಿಯನ್ನು ಕೇಳಬೇಕು. ಅದರಲ್ಲಿರುವ ಮಾದರಿಯ ಹೆಸರು ಬಿಲ್ಲಿನ ಮೇಲೂ ಅಕ್ಷರಶಃ ಅದೇ ಇರಬೇಕು. ‘ಪ್ರೊ’, ‘ಪ್ಲಸ್’ ಎಂಬ ಬಾಲಂಗೋಚಿ ಬಿಲ್ಲಿನಲ್ಲಿ ಮಾತ್ರ ಇದ್ದರೆ, ಪರೀಕ್ಷೆಗೆ ಹೋದ ಗಾಡಿಯೂ ನಿಮ್ಮ ಕೈಗೆ ಬಂದ ಗಾಡಿಯೂ ಒಂದೇ ಎಂದು ಸಾಬೀತು ಮಾಡುವುದು ಕಷ್ಟ. ಪ್ರತಿ ಕೊಡಲು ಹಿಂದೆಮುಂದೆ ನೋಡುವ ಅಂಗಡಿಯಿಂದ ಎದ್ದುಬರುವುದೇ ಲೇಸು.

ಮೂರನೆಯದು ವೇಗ, ತಕರಾರು ಹುಟ್ಟುವುದೇ ಇಲ್ಲಿ. ನಾನು ಸ್ಕೂಟರ್ ಕೊಂಡ ದಿನ ಅಂಗಡಿಯ ಹುಡುಗ ಸೀಟು ಎತ್ತಿ, ಮೋಟಾರನ್ನು ನಿಯಂತ್ರಿಸುವ ಕಂಟ್ರೋಲರ್‌ನಿಂದ ಹೊರಬಂದಿದ್ದ ವೈರುಗಳ ಗೊಂಚಲಿನಿಂದ, ವೇಗಕ್ಕೆ ಮಿತಿ ಹಾಕುವ ಒಂದು ಸಣ್ಣ ಬಿಳಿ ಕೊಂಡಿಯನ್ನು ಹುಡುಕಿ ಬಿಚ್ಚಿ, ‘ಈಗ ಓಡ್ಸಿ ನೋಡಿ ಸಾರ್’ ಎಂದ. ಅದುವರೆಗೆ 24 ದಾಟದ ಗಾಡಿ 43ಕ್ಕೆ ಏರಿತು. ಆಗ ನನಗೂ ಖುಷಿಯೇ ಆಯಿತು. ಅದೇ ಕ್ಷಣದಲ್ಲಿ ನಾನು ಡಿ.ಎಲ್., ನೋಂದಣಿ, ವಿಮೆ ಮೂರೂ ಬೇಕಾದ, ಆದರೆ ಯಾವ ಆರ್‌ಟಿಒ ಕಚೇರಿಯೂ ನೋಂದಾಯಿಸಲಾಗದ ವಾಹನದ ಮಾಲೀಕನಾದೆ ಎಂಬುದು ಹೊಳೆದದ್ದು ತಡವಾಗಿ. ಮೋಟಾರು ವಾಹನವೆಂದು ಒಪ್ಪಿಗೆ ಪಡೆಯದ ಮಾದರಿಗೆ ಆಮೇಲೆ ಹೋಗಿ ನಂಬರ್ ಹಾಕಿಸಿಕೊಳ್ಳಲು ದಾರಿಯಿಲ್ಲ.

ಸ್ಕೂಟರಿನ ಸ್ವಂತ ಮೀಟರನ್ನು ನಂಬದೆ, ಮೊಬೈಲಿನ ಜಿಪಿಎಸ್ ವೇಗಮಾಪಕವನ್ನು ಹಚ್ಚಿ, ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲಿ, ಮಟ್ಟಸವಾದ ಖಾಲಿ ರಸ್ತೆಯ ಎರಡೂ ದಿಕ್ಕಿಗೆ ಓಡಿಸಿ ನೋಡಬೇಕು. ಯಾವ ದಿಕ್ಕಿನಲ್ಲೂ 25 ಮುಟ್ಟಬಾರದು. ಮುಟ್ಟಿದರೆ ಕೊಂಡಿಯನ್ನು ಮತ್ತೆ ಸೇರಿಸಲು ಮೆಕ್ಯಾನಿಕ್‌ಗೆ ಐದು ನಿಮಿಷವೂ ಬೇಡ.

ಶಕ್ತಿಯ ವಿಚಾರ ಇನ್ನೂ ಗೋಜಲು. ಕಂಟ್ರೋಲರ್ ಮೇಲಿನ ಚೀಟಿಯಲ್ಲಿ 60 ವೋಲ್ಟ್, 20 ಆಂಪಿಯರ್ ಎಂದಿದ್ದರೆ ಗುಣಿಸಿದಾಗ 1,200 ವಾಟ್ ಬರುತ್ತದೆ. ಇದನ್ನು ಕಂಡು ಗಾಬರಿಯಾಗಬೇಕಿಲ್ಲ, ಏಕೆಂದರೆ ನಿಯಮ ಕೇಳುವುದು ಅರ್ಧ ಗಂಟೆ ಸತತವಾಗಿ ಕೊಡಬಲ್ಲ ಶಕ್ತಿಯನ್ನು, ಏರಿನಲ್ಲಿ ಕ್ಷಣಕಾಲ ಎಳೆಯುವ ಶಕ್ತಿಯನ್ನಲ್ಲ. ಗಾಡಿ, ಸವಾರ, ಹಿಂಬದಿ ಸವಾರ ಸೇರಿ 200 ಕೆ.ಜಿ. ತೂಗಿದರೆ, ನೂರು ಮೀಟರಿಗೆ ನಾಲ್ಕು ಮೀಟರ್ ಏರುವ ಮೇಲ್ಸೇತುವೆಯನ್ನು ಗಂಟೆಗೆ 15 ಕಿ.ಮೀ. ವೇಗದಲ್ಲಿ ಹತ್ತಲು ಸುಮಾರು 325 ವಾಟ್ ಬೇಕೇಬೇಕು. ಆದರೆ ರಸ್ತೆಯಲ್ಲಿ ನಿಲ್ಲಿಸುವ ಪೊಲೀಸರ ಬಳಿ ಇದನ್ನು ಅಳೆಯುವ ಸಾಧನವಿಲ್ಲ. ನಿಮ್ಮ ಬಳಿಯೂ ಇಲ್ಲ. ಹೀಗಾಗಿ ಪ್ರಮಾಣಪತ್ರದ ಪ್ರತಿಯನ್ನು ಸೀಟಿನ ಕೆಳಗೆ ಲ್ಯಾಮಿನೇಟ್ ಮಾಡಿ ಇಡಬೇಕು, ಬಿಲ್ಲಿನ ಜೊತೆಗೆ.

ತಪ್ಪಿದರೆ ಬೀಳುವ ಹೊರೆ ಸಣ್ಣದಲ್ಲ. 2019ರ ತಿದ್ದುಪಡಿಯ ಪ್ರಕಾರ ಡಿ.ಎಲ್. ಇಲ್ಲದ ಚಾಲನೆಗೆ 5,000 ರೂಪಾಯಿ, ವಿಮೆ ಇಲ್ಲದ್ದಕ್ಕೆ ಮೊದಲ ಸಲ 2,000 ರೂಪಾಯಿ ದಂಡವನ್ನು ಕಾಯ್ದೆ ಹೇಳುತ್ತದೆ. ‘ಲೈಸೆನ್ಸ್ ಬೇಡವಲ್ಲ’ ಎಂದು ಹೈಸ್ಕೂಲು ಮಕ್ಕಳ ಕೈಗೆ ವೈರು ಬಿಚ್ಚಿದ ಗಾಡಿ ಕೊಡುವ ತಂದೆತಾಯಿ 199ಎ ಕಲಮನ್ನು ಓದಿಕೊಳ್ಳಬೇಕು: ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ನಾಲ್ಕನೆಯದಾಗಿ, ವಿನಾಯಿತಿ ಇದ್ದರೂ ಏನೇನು ಉಳಿಯುತ್ತದೆ ಎಂಬುದನ್ನು ನೋಡಬೇಕು. ಅಜಾಗರೂಕ ಚಾಲನೆಯನ್ನು ಶಿಕ್ಷಿಸುವ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮು ‘ಯಾವುದೇ ವಾಹನ’ ಎನ್ನುತ್ತದೆ. ನಿಮ್ಮದೂ ಅದರಲ್ಲಿ ಸೇರಿತು. ಪಾದಚಾರಿಗೆ ಡಿಕ್ಕಿಯಾದರೆ ಪರಿಹಾರ ಕೊಡಲು ವಿಮಾ ಕಂಪನಿ ಇರುವುದಿಲ್ಲ, ಕೈಯಿಂದಲೇ ಕೊಡಬೇಕಾಗುತ್ತದೆ. ನಿಮಗಾಗಿ ಒಂದು ವೈಯಕ್ತಿಕ ಅಪಘಾತ ವಿಮೆಯನ್ನಾದರೂ ಮಾಡಿಸಿಕೊಳ್ಳಿ, ಅದಕ್ಕೆ ನೋಂದಣಿ ಸಂಖ್ಯೆ ಬೇಕಿಲ್ಲ. ಹೆಲ್ಮೆಟ್ ಬಗ್ಗೆ ಕಾಯ್ದೆ ಮಾತಾಡುವುದು ಮೋಟಾರ್ ಸೈಕಲ್‌ ಸವಾರರನ್ನು ಕುರಿತು, ಆದ್ದರಿಂದ ಈ ಗಾಡಿಗೆ ಅದು ಕಡ್ಡಾಯವಲ್ಲ ಎಂದು ವಾದಿಸುವವರಿದ್ದಾರೆ. ಹಿಂದಿನಿಂದ ಬರುವ ಬಸ್ಸಿಗೆ ಆ ವಾದ ಕೇಳಿಸದು. ಐಎಸ್‌ಐ ಗುರುತಿನದನ್ನೇ ಹಾಕಿಕೊಳ್ಳಿ.

ಕೊನೆಗೆ ದಾರಿ. ಸುತ್ತಲಿನ ವಾಹನಗಳು ಐವತ್ತರಲ್ಲಿ ಓಡುವ ಕಡೆ 24ರ ಗಾಡಿಗೆ ಕಾನೂನಿನ ಅಡ್ಡಿ ಇಲ್ಲದಿದ್ದರೂ ಜಾಗವಿಲ್ಲ. ಬೆಂಗಳೂರು–ಮೈಸೂರು ದಶಪಥದ ಮುಖ್ಯ ಮಾರ್ಗದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೇ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ನಗರದೊಳಗೂ ಮೇಲ್ಸೇತುವೆ ತಪ್ಪಿಸಿ ಕೆಳಗಿನ ರಸ್ತೆ ಹಿಡಿಯುವುದು ಬ್ಯಾಟರಿಗೂ ಒಳ್ಳೆಯದು. ಒಂದು ಭಾನುವಾರ ಬೆಳಿಗ್ಗೆ ದಾರಿಯನ್ನು ಒಮ್ಮೆ ಓಡಿಸಿ, ಹೋಗಿ ಬರುವಷ್ಟು ಚಾರ್ಜ್ ಉಳಿಯುತ್ತದೆಯೇ ಎಂದು ನೋಡಿಕೊಳ್ಳಿ. ವಾರದಲ್ಲೇ ನಾನು ಆ ಬಿಳಿ ಕೊಂಡಿಯನ್ನು ಮತ್ತೆ ಸೇರಿಸಿಸಿಕೊಂಡೆ. ವಿಜಯನಗರದಿಂದ ಚಾಮರಾಜಪೇಟೆಗೆ ಈಗ ಆರು ನಿಮಿಷ ಹೆಚ್ಚು ಹಿಡಿಯುತ್ತದೆ, ಮನೆಯಿಂದ ಅಷ್ಟು ಮೊದಲೇ ಹೊರಡುತ್ತೇನೆ.